ಶೀಲ್ಡಿಂಗ್ ಸಿಮ್ಯುಲೇಷನ್ ಉತ್ತರ ಕೊಟ್ಟಿತು, ನಂಬೋದು ಹೇಗೆ? ಹಂತ ಹಂತವಾಗಿ ಪರೀಕ್ಷಿಸುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಮತ್ತು ಎಂಜಿನಿಯರಿಂಗ್ ಓದುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಸರ್, ಪ್ರಾಜೆಕ್ಟಿಗೆ ರಿಯಾಕ್ಟರ್ ಶೀಲ್ಡಿಂಗ್ ತಗೊಂಡಿದ್ದೀವಿ. ಕೋಡ್ ಓಡಿತು, ಉತ್ತರ ಬಂತು. ಅದು ಸರಿ ಅಂತ ಹೇಗೆ ಹೇಳೋದು?"

ಶೀಲ್ಡಿಂಗ್ ಅಂದರೆ ವಿಕಿರಣ ಹೊಮ್ಮುವ ಜಾಗಕ್ಕೂ ಮನುಷ್ಯನಿಗೂ ನಡುವೆ ನಿಲ್ಲಿಸುವ ತಡೆ. ಅದು ಕಾಂಕ್ರೀಟ್ ಗೋಡೆ ಇರಬಹುದು, ಸೀಸ, ಉಕ್ಕು, ನೀರು ಇರಬಹುದು. ಗೋಡೆಯ ಆ ಕಡೆ ದಿನಕ್ಕೆ ಎಂಟು ಗಂಟೆ ನಿಂತು ಕೆಲಸ ಮಾಡುವವರಿಗೆ ನಮ್ಮ ಕಂಪ್ಯೂಟರಿನ ಸಂಖ್ಯೆಯೇ ಕಾವಲು. ನಮ್ಮ ರಾಜ್ಯದ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ರಿಯಾಕ್ಟರುಗಳಿವೆ. ಇತ್ತ ಚಳ್ಳಕೆರೆಯ ಖುದಾಪುರದ ಕಡೆ ದೊಡ್ಡ ವಿಜ್ಞಾನ ಸಂಸ್ಥೆಗಳು ಬಂದಿವೆ. ಈಗ ಓದುತ್ತಿರುವವರಲ್ಲಿ ಕೆಲವರಾದರೂ ನಾಳೆ ನಿಜವಾದ ಗೋಡೆಯ ಲೆಕ್ಕಕ್ಕೆ ಸಹಿ ಹಾಕುತ್ತೀರಿ. ಅದಕ್ಕೇ ಇದನ್ನು ಒಮ್ಮೆ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ನನ್ನ ಮಾತು ಇಷ್ಟೇ. ಉತ್ತರ ಗೊತ್ತಿಲ್ಲದ ದೊಡ್ಡ ಲೆಕ್ಕಕ್ಕೆ ಕೈ ಹಾಕುವ ಮೊದಲು, ಉತ್ತರ ಗೊತ್ತಿರುವ ಸಣ್ಣ ಲೆಕ್ಕಗಳಲ್ಲಿ ನಿಮ್ಮ ಮಾದರಿಯನ್ನು ಒಂದೊಂದಾಗಿ ಪರೀಕ್ಷೆಗೆ ಕೂರಿಸಬೇಕು. ರಿಯಾಕ್ಟರಿನಿಂದ ಶುರು ಮಾಡಬೇಡಿ. ಖಾಲಿ ಜಾಗದಿಂದ ಶುರು ಮಾಡಿ.

ಮೊದಲು ಎರಡು ಪದ

ವೆರಿಫಿಕೇಷನ್, ವ್ಯಾಲಿಡೇಷನ್ ಎರಡನ್ನೂ ಒಂದೇ ಅಂತ ಬರೆಯುವವರು ಜಾಸ್ತಿ. ಅವು ಬೇರೆ ಬೇರೆ. ಸಮೀಕರಣವನ್ನು ಕೋಡ್ ಸರಿಯಾಗಿ ಬಿಡಿಸುತ್ತಿದೆಯಾ ಅಂತ ನೋಡುವುದು ವೆರಿಫಿಕೇಷನ್. ಇಲ್ಲಿ ಪ್ರಯೋಗ ಬೇಕಿಲ್ಲ, ಕೈಲೆಕ್ಕ ಸಾಕು. ಬಿಡಿಸಿ ಬಂದ ಉತ್ತರ ನಿಜವಾದ ಲೋಕದ ಅಳತೆಗೆ ಹೊಂದುತ್ತದೆಯಾ ಅಂತ ನೋಡುವುದು ವ್ಯಾಲಿಡೇಷನ್. ಇಲ್ಲಿ ಯಾರಾದರೂ ಅಳೆದಿರಲೇಬೇಕು. ಒಂದು ಕೋಡಿನ ಉತ್ತರವನ್ನು ಇನ್ನೊಂದು ಕೋಡಿನ ಜೊತೆ ತಾಳೆ ನೋಡಿ "ವ್ಯಾಲಿಡೇಷನ್ ಆಯಿತು" ಅಂತ ವರದಿಯಲ್ಲಿ ಬರೆಯಬೇಡಿ. ಎರಡೂ ಒಂದೇ ತಪ್ಪು ದತ್ತಾಂಶ ಓದಿರಬಹುದು, ಅಲ್ವಾ?

ಏನೇನು ಬೇಕು

ಒಂದು ಮಾಂಟೆ ಕಾರ್ಲೊ ಕೋಡ್ ಬೇಕು. ಮಾಂಟೆ ಕಾರ್ಲೊ ಅಂದರೆ ಒಂದೊಂದು ಕಣವನ್ನೂ ಹುಟ್ಟಿನಿಂದ ಕೊನೆಯವರೆಗೆ ಹಿಂಬಾಲಿಸಿ, ಡಿಕ್ಕಿ ಎಲ್ಲಿ ಆಯಿತು, ಆಮೇಲೆ ಯಾವ ಕಡೆ ತಿರುಗಿತು ಅನ್ನುವುದನ್ನು ಯಾದೃಚ್ಛಿಕ ಸಂಖ್ಯೆಗಳಿಂದ ತೀರ್ಮಾನಿಸುವ ವಿಧಾನ. ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಬೆಳೆದ ಎಂಸಿಎನ್‌ಪಿಗೆ ಪರವಾನಗಿ ಬೇಕು, ಅರ್ಜಿ ಹಾಕಿ ಕಾಯಬೇಕು. ಓಪನ್‌ಎಂಸಿ ಮತ್ತು ಜಿಯಾಂಟ್4 ಉಚಿತ. ಕಲಿಯುವವರಿಗೆ ನಾನು ಹೇಳುವುದು ಓಪನ್‌ಎಂಸಿ. ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು.

ಇನ್ನು ಬೇಕಾದವು: ಒಂದು ಕ್ಯಾಲ್ಕುಲೇಟರ್, ಒಂದು ನೋಟ್‌ಬುಕ್, ಸಿವಿಲ್ ವಿಭಾಗದ ಲ್ಯಾಬಿನಿಂದ ಕೆಲವು ಕಾಂಕ್ರೀಟ್ ಕ್ಯೂಬುಗಳು, ಒಂದು ಒಳ್ಳೆಯ ತೂಕದ ಯಂತ್ರ. ನಿಮ್ಮ ಫಿಸಿಕ್ಸ್ ಲ್ಯಾಬಿನಲ್ಲಿ ಸೋಡಿಯಂ ಅಯೋಡೈಡ್ ಡಿಟೆಕ್ಟರ್ ಮತ್ತು ಸೀಲ್ ಮಾಡಿದ ಸೀಸಿಯಂ-137 ಮೂಲ ಇದ್ದರೆ ಬಹಳ ಒಳ್ಳೆಯದು. ಆದರೆ ಆ ಮೂಲವನ್ನು ವಿಭಾಗದ ಅನುಮತಿ ಇಲ್ಲದೆ ಮುಟ್ಟಬೇಡಿ. ಅದರ ಜವಾಬ್ದಾರಿ ಹೊತ್ತವರು ಎದುರಿಗಿದ್ದಾಗ ಮಾತ್ರ ಕೆಲಸ ಮಾಡಿ, ಬಳಸಿದ ಸಮಯವನ್ನು ರಿಜಿಸ್ಟರಿನಲ್ಲಿ ಬರೆಯಿರಿ.

1. ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಯಾವ ಜಾಗದಲ್ಲಿ, ಯಾವ ಕಣದ, ಯಾವ ಪ್ರಮಾಣ ಬೇಕು? "ಗೋಡೆಯ ಹೊರಗೆ 30 ಸೆಂ.ಮೀ. ದೂರದಲ್ಲಿ ಗಾಮಾ ಡೋಸ್ ರೇಟ್" ಅನ್ನುವುದು ಪ್ರಶ್ನೆ. "ಶೀಲ್ಡಿಂಗ್ ಅಧ್ಯಯನ" ಅನ್ನುವುದು ಪ್ರಶ್ನೆಯಲ್ಲ.

ಎಷ್ಟು ನಿಖರತೆ ಬೇಕು ಅಂತಲೂ ಈಗಲೇ ಬರೆಯಿರಿ. ನಮ್ಮ ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪ್ರಕಾರ, ವಿಕಿರಣದ ಕೆಲಸ ಮಾಡುವವರ ಮಿತಿ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ, ಅಂದರೆ ಡೋಸಿನ, ಅಳತೆ). ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಸಾರ್ವಜನಿಕರಿಗೆ ವರ್ಷಕ್ಕೆ 1. ನಿಮ್ಮ ಲೆಕ್ಕ ಮಿತಿಯ ನೂರರಲ್ಲಿ ಒಂದು ಭಾಗ ಬಂದರೆ ಎರಡು ಪಟ್ಟು ತಪ್ಪೂ ತಡೆದುಕೊಳ್ಳುತ್ತದೆ. ಮಿತಿಯ ಹತ್ತಿರ ಬಂದರೆ ಶೇ. 20ರ ತಪ್ಪೂ ದುಬಾರಿ. ವ್ಯಾಲಿಡೇಷನ್ ಎಷ್ಟು ಕಟ್ಟುನಿಟ್ಟಾಗಿರಬೇಕು ಅನ್ನುವುದು ಇದರಿಂದ ನಿರ್ಧಾರವಾಗುತ್ತದೆ.

2. ಖಾಲಿ ಜಾಗದ ಪರೀಕ್ಷೆ

ಎಲ್ಲ ಗೋಡೆ ತೆಗೆದುಬಿಡಿ. ಒಂದು ಬಿಂದು ಮೂಲ ಇಡಿ, ಸುತ್ತ ಶೂನ್ಯ. 1 ಮೀಟರ್ ದೂರದಲ್ಲಿ ಫ್ಲಕ್ಸ್ ಎಷ್ಟು ಅಂತ ಕೇಳಿ. ಫ್ಲಕ್ಸ್ ಅಂದರೆ ಒಂದು ಚದರ ಸೆಂ.ಮೀ. ಜಾಗದಲ್ಲಿ ಸೆಕೆಂಡಿಗೆ ಹಾದುಹೋಗುವ ಕಣಗಳ ಲೆಕ್ಕ. 1 ಮೀಟರ್ ತ್ರಿಜ್ಯದ ಗೋಳದ ಮೇಲ್ಮೈ 1,25,664 ಚದರ ಸೆಂ.ಮೀ. ಹಾಗಾಗಿ ಒಂದು ಕಣ ಹೊರಟರೆ ಉತ್ತರ 0.00000796 ಬರಲೇಬೇಕು. ಇದಕ್ಕೆ ಎರಡನೇ ಮಾತಿಲ್ಲ.

ಇಷ್ಟು ಸುಲಭದ ಪರೀಕ್ಷೆ ಯಾಕೆ ಅನ್ನಿಸಬಹುದು. ಕೋಡಿಗೆ ಹೊಸಬರು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಸಿಕ್ಕಿಬೀಳುತ್ತವೆ. ಮೂರನ್ನು ಹೇಳುತ್ತೇನೆ.

ಒಂದು, ಏಕಮಾನ. ಎಂಸಿಎನ್‌ಪಿ ಶಕ್ತಿಯನ್ನು ಎಂಇವಿಯಲ್ಲಿ ಓದುತ್ತದೆ, ಓಪನ್‌ಎಂಸಿ ಇವಿಯಲ್ಲಿ ಓದುತ್ತದೆ. ಇವಿ ಅಂದರೆ ಎಲೆಕ್ಟ್ರಾನ್ ವೋಲ್ಟ್, ಕಣದ ಶಕ್ತಿಯ ಅಳತೆ. ಸಾವಿರ ಇವಿ ಒಂದು ಕೆಇವಿ, ಹತ್ತು ಲಕ್ಷ ಇವಿ ಒಂದು ಎಂಇವಿ. ಸೀಸಿಯಂ-137ರ ಗಾಮಾ ಒಂದರಲ್ಲಿ 0.662, ಇನ್ನೊಂದರಲ್ಲಿ 6,62,000.

ಎರಡು, ಟ್ಯಾಲಿ. ಕೋಡಿಗೆ "ಇದನ್ನು ಎಣಿಸು" ಅಂತ ಹೇಳುವ ಆಜ್ಞೆಗೆ ಟ್ಯಾಲಿ ಅನ್ನುತ್ತಾರೆ. ಎಂಸಿಎನ್‌ಪಿಯ ಸೆಲ್ ಫ್ಲಕ್ಸ್ ಟ್ಯಾಲಿ ತಾನೇ ಗಾತ್ರದಿಂದ ಭಾಗಿಸಿ ಕೊಡುತ್ತದೆ. ಓಪನ್‌ಎಂಸಿ ಭಾಗಿಸುವುದಿಲ್ಲ, ನೀವೇ ಭಾಗಿಸಬೇಕು. ಇದನ್ನು ಮರೆತರೆ ಉತ್ತರ ಸಾವಿರ ಪಟ್ಟು ತಪ್ಪಬಹುದು.

ಮೂರು, ಉತ್ತರ ಬರುವುದು ಒಂದು ಮೂಲ ಕಣಕ್ಕೆ. ನಿಜವಾದ ಸಂಖ್ಯೆಗೆ ಮೂಲದ ಬಲದಿಂದ ಗುಣಿಸಬೇಕು. 5 ಮೈಕ್ರೊಕ್ಯೂರಿ ಸೀಸಿಯಂ ಮೂಲದಲ್ಲಿ ಸೆಕೆಂಡಿಗೆ 1,85,000 ವಿಘಟನೆ ಆಗುತ್ತವೆ. ಆದರೆ ನೂರು ವಿಘಟನೆಗೆ 662 ಕೆಇವಿಯ ಗಾಮಾ ಬರುವುದು 85 ಮಾತ್ರ. ಆದ್ದರಿಂದ 1 ಮೀಟರಿನಲ್ಲಿ ಫ್ಲಕ್ಸ್ ಸುಮಾರು 1.25. ಆ 85ನ್ನು ಬಿಟ್ಟವರು, ಮೂಲ ಹಳೆಯದಾಗಿ ಬಲ ಕುಗ್ಗಿದ್ದನ್ನು ಬಿಟ್ಟವರು ಬಹಳ ಜನ. ಸೀಸಿಯಂ 30 ವರ್ಷಕ್ಕೆ ಅರ್ಧವಾಗುತ್ತದೆ. ಕೋಬಾಲ್ಟ್-60 ಆದರೆ 5.27 ವರ್ಷಕ್ಕೇ ಅರ್ಧ. ಮೂಲದ ಮೇಲೆ ಬರೆದ ತಾರೀಕು ನೋಡಿ ಲೆಕ್ಕ ಹಾಕಿ.

3. ಒಂದು ಹಲಗೆ, ಒಂದು ಕೈಲೆಕ್ಕ

ಈಗ ಒಂದೇ ಒಂದು ಸೀಸದ ಹಲಗೆ ಇಡಿ. ದಪ್ಪ 1 ಸೆಂ.ಮೀ. ಸೂಜಿಯಂತೆ ಸಪೂರ ಕಿರಣ ಬಿಡಿ. ಡಿಕ್ಕಿಯೇ ಆಗದೆ ಆಚೆ ಬರುವ ಫೋಟಾನುಗಳನ್ನು, ಅಂದರೆ ಗಾಮಾ ಕಣಗಳನ್ನು, ಮಾತ್ರ ಎಣಿಸಿ. 662 ಕೆಇವಿಗೆ ಸೀಸದ ದ್ರವ್ಯರಾಶಿ ಕ್ಷೀಣತಾ ಗುಣಾಂಕ, ಅಂದರೆ ವಸ್ತು ಕಿರಣವನ್ನು ಎಷ್ಟು ತಡೆಯುತ್ತದೆ ಅನ್ನುವ ಸಂಖ್ಯೆ, ಗ್ರಾಮಿಗೆ ಸುಮಾರು 0.11 ಚದರ ಸೆಂ.ಮೀ. ಸಾಂದ್ರತೆ 11.35ರಿಂದ ಗುಣಿಸಿದರೆ ಸೆಂ.ಮೀ.ಗೆ 1.25. ಇದನ್ನು ದಪ್ಪದಿಂದ ಗುಣಿಸಿ ಘಾತೀಯ ಸೂತ್ರದಲ್ಲಿ ಹಾಕಿದರೆ, ಅಂದರೆ e ಸಂಖ್ಯೆಗೆ ಮೈನಸ್ 1.25 ಘಾತ ಹಾಕಿದರೆ, ನೂರರಲ್ಲಿ ಸುಮಾರು 29 ಆಚೆ ಬರಬೇಕು. ಕೋಡ್ 28 ಅಥವಾ 29 ಅಂದರೆ ಸರಿ. 75 ಅಂದರೆ ಸಾಂದ್ರತೆಯ ಸಾಲನ್ನು ನೋಡಿ.

ಎಂಸಿಎನ್‌ಪಿಯಲ್ಲಿ ಸಾಂದ್ರತೆಯ ಮುಂದೆ ಮೈನಸ್ ಹಾಕಿದರೆ ಅದು ಘನ ಸೆಂ.ಮೀ.ಗೆ ಗ್ರಾಂ. ಮೈನಸ್ ಬಿಟ್ಟರೆ ಕೋಡ್ ಅದನ್ನು ಪರಮಾಣುಗಳ ಎಣಿಕೆ ಅಂತ ಓದುತ್ತದೆ. ಎರಡರಲ್ಲೂ ಕೋಡ್ ಚೆನ್ನಾಗಿಯೇ ಓಡುತ್ತದೆ, ದೂರುವುದಿಲ್ಲ. ವಸ್ತುವಿನ ಭಾಗಗಳಿಗೂ ಇದೇ ನಿಯಮ: ಮೈನಸ್ ಇದ್ದರೆ ತೂಕದ ಪಾಲು, ಇಲ್ಲದಿದ್ದರೆ ಪರಮಾಣುಗಳ ಪಾಲು. ನಾನು ಕಲಿಯುವಾಗ ಈ ಒಂದು ಗೆರೆ ಬಿಟ್ಟು ಒಂದು ವಾರದ ಲೆಕ್ಕ ಕಳೆದುಕೊಂಡೆ. ಆಮೇಲೆ ಯಾವ ಹೊಸ ವಸ್ತು ಬರೆದರೂ ಈ ಹಲಗೆ ಪರೀಕ್ಷೆ ಮಾಡದೆ ಮುಂದೆ ಹೋಗಿಲ್ಲ.

4. ಕಾಂಕ್ರೀಟು ಅಂದರೆ ಯಾವ ಕಾಂಕ್ರೀಟು?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ವಿದ್ಯಾರ್ಥಿಗಳ ವರದಿಗಳಲ್ಲಿ ನಾನು ಕಂಡ ದೊಡ್ಡ ತಪ್ಪುಗಳು ಕೋಡಿನಲ್ಲಿ ಇರುವುದಿಲ್ಲ, ಈ ಸಾಲಿನಲ್ಲಿ ಇರುತ್ತವೆ. "ಸಾಮಾನ್ಯ ಕಾಂಕ್ರೀಟ್, 2.3" ಅಂತ ಯಾವುದೋ ಪಟ್ಟಿಯಿಂದ ನಕಲು ಮಾಡಿ ಮುಂದೆ ಹೋಗುತ್ತಾರೆ.

ಸಾಂದ್ರತೆಯ ಪ್ರಭಾವ ಎಷ್ಟು ಅಂತ ನೀವೇ ಲೆಕ್ಕ ಹಾಕಿ ನೋಡಿ. 662 ಕೆಇವಿಗೆ ಕಾಂಕ್ರೀಟಿನ ಗುಣಾಂಕ ಗ್ರಾಮಿಗೆ ಸುಮಾರು 0.078 ಚದರ ಸೆಂ.ಮೀ. ಸಾಂದ್ರತೆ 2.3 ಆದರೆ 15 ಸೆಂ.ಮೀ. ಗೋಡೆಯಿಂದ ಡಿಕ್ಕಿಯಿಲ್ಲದೆ ದಾಟುವುದು ನೂರಕ್ಕೆ 6.8. ಸಾಂದ್ರತೆ 2.4 ಆದರೆ 6.0. ಪರವಾಗಿಲ್ಲ ಅನ್ನಿಸುತ್ತದೆ. ಈಗ ಗೋಡೆಯನ್ನು 1 ಮೀಟರ್ ಮಾಡಿ. ಅದೇ 0.1ರ ವ್ಯತ್ಯಾಸಕ್ಕೆ ಉತ್ತರ ಎರಡು ಪಟ್ಟಿಗಿಂತ ಜಾಸ್ತಿ ಬದಲಾಗುತ್ತದೆ. ದಪ್ಪ ಗೋಡೆ ಸಣ್ಣ ತಪ್ಪನ್ನೂ ದೊಡ್ಡದು ಮಾಡುತ್ತದೆ.

ಆದ್ದರಿಂದ ನಿಮ್ಮ ಸಿವಿಲ್ ಲ್ಯಾಬಿಗೆ ಹೋಗಿ. ಅಲ್ಲಿ ಬಲ ಪರೀಕ್ಷೆಗೆ ಎರಕ ಹೊಯ್ದ 15 ಸೆಂ.ಮೀ. ಕ್ಯೂಬುಗಳು ಇದ್ದೇ ಇರುತ್ತವೆ. ಒಡೆಯುವ ಮೊದಲು ಕೆಲವನ್ನು ಕೇಳಿ ಪಡೆಯಿರಿ. ಒಂದು ಕ್ಯೂಬಿನ ಗಾತ್ರ 3,375 ಘನ ಸೆಂ.ಮೀ. ತೂಕ 8.1 ಕೆ.ಜಿ. ಬಂದರೆ ಸಾಂದ್ರತೆ 2.4. 7.76 ಬಂದರೆ 2.3. ಐದಾರು ಕ್ಯೂಬ್ ತೂಗಿ. ಒಂದೇ ದಿನ ಹೊಯ್ದವುಗಳಲ್ಲೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಆ ವ್ಯತ್ಯಾಸವನ್ನು ಬರೆದಿಡಿ, ಎಂಟನೇ ಹಂತದಲ್ಲಿ ಬೇಕಾಗುತ್ತದೆ. ಅಂಚುಗಳನ್ನೂ ಅಳೆಯಿರಿ, ಎಲ್ಲ ಅಚ್ಚುಗಳೂ ಸರಿಯಾಗಿ 15 ಇರುವುದಿಲ್ಲ.

ಕ್ಯೂರಿಂಗ್ ತೊಟ್ಟಿಯಿಂದ ತೆಗೆದ ತಕ್ಷಣ ಒಮ್ಮೆ ತೂಗಿ, ನೆರಳಲ್ಲಿ ಕೆಲವು ವಾರ ಒಣಗಿದ ಮೇಲೆ ಇನ್ನೊಮ್ಮೆ ತೂಗಿ. ಕಡಿಮೆಯಾದ ತೂಕ ನೀರಿನದು. ಗಾಮಾ ಕಿರಣಕ್ಕೆ ಆ ನೀರು ಅಷ್ಟೇನೂ ಮುಖ್ಯವಲ್ಲ. ನ್ಯೂಟ್ರಾನಿಗೆ ಅದೇ ಪ್ರಾಣ. ನೀರಿನಲ್ಲಿರುವ ಹೈಡ್ರೋಜನ್ ನ್ಯೂಟ್ರಾನಿನಷ್ಟೇ ತೂಕದ ಕಣ. ಗೋಲಿ ಇನ್ನೊಂದು ಗೋಲಿಗೆ ಬಡಿದಂತೆ, ಒಂದೇ ಡಿಕ್ಕಿಯಲ್ಲಿ ನ್ಯೂಟ್ರಾನ್ ತನ್ನ ವೇಗವನ್ನೆಲ್ಲ ಕೊಟ್ಟುಬಿಡಬಹುದು. ಪ್ರಸಿದ್ಧ ಪಟ್ಟಿಗಳಲ್ಲೇ "ಸಾಮಾನ್ಯ ಕಾಂಕ್ರೀಟ್" ಅನ್ನುವ ಹೆಸರಿನಡಿ ಒಂದರಲ್ಲಿ ಹೈಡ್ರೋಜನ್ ತೂಕದ ಶೇ. 0.56 ಇದೆ, ಇನ್ನೊಂದರಲ್ಲಿ ಶೇ. 2.2 ಇದೆ. ನಾಲ್ಕು ಪಟ್ಟು ವ್ಯತ್ಯಾಸ! ರಿಯಾಕ್ಟರಿನ ಬಿಸಿಗೆ ವರ್ಷಗಟ್ಟಲೆ ಒಡ್ಡಿದ ಗೋಡೆ ಒಣಗುತ್ತಾ ಹೋಗುತ್ತದೆ. ಯಾವ ಪಟ್ಟಿ ಆರಿಸಿದಿರಿ, ಯಾಕೆ ಆರಿಸಿದಿರಿ ಅಂತ ವರದಿಯಲ್ಲಿ ಬರೆಯಲೇಬೇಕು.

ಜಲ್ಲಿಯೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಡೆ ಕ್ರಷರಿನಿಂದ ಬರುವ ಕಲ್ಲು, ಎಂ-ಸ್ಯಾಂಡ್ ಹಾಕಿದ ಕಾಂಕ್ರೀಟಿಗೂ, ಸುಣ್ಣಕಲ್ಲಿನ ಜಲ್ಲಿ ಹಾಕಿದ್ದಕ್ಕೂ ಸಿಲಿಕಾನ್, ಕ್ಯಾಲ್ಸಿಯಂ ಪ್ರಮಾಣ ಬೇರೆ. ಚಿತ್ರದುರ್ಗ ಜಿಲ್ಲೆಯಲ್ಲೂ ಸಿಗುವ ಹೆಮಟೈಟ್, ಅಂದರೆ ಕಬ್ಬಿಣದ ಅದಿರು, ಜಲ್ಲಿಯಾಗಿ ಬಳಸಿದರೆ ಸಾಂದ್ರತೆ 3 ದಾಟುತ್ತದೆ. ರಿಯಾಕ್ಟರುಗಳಲ್ಲಿ ಭಾರದ ಕಾಂಕ್ರೀಟ್ ಮಾಡಲು ಇಂಥ ಅದಿರು ಬಳಸುವುದುಂಟು. ಯಾರಿಗಾದರೂ ಒಳ್ಳೆಯ ಪ್ರಾಜೆಕ್ಟ್ ವಿಷಯ ಬೇಕಿದ್ದರೆ ಇದೇ ಇದೆ: ನಮ್ಮ ಜಲ್ಲಿ, ನಮ್ಮ ಅದಿರು, ಎರಡರ ಕ್ಯೂಬ್, ಎರಡರ ಸಿಮ್ಯುಲೇಷನ್.

5. ನಿಮ್ಮ ಲ್ಯಾಬಿನಲ್ಲೇ ಒಂದು ವ್ಯಾಲಿಡೇಷನ್

ಈಗ ಮೊದಲ ನಿಜವಾದ ಅಳತೆ. ಮೂಲ, ಕ್ಯೂಬ್, ಡಿಟೆಕ್ಟರ್ ಒಂದೇ ಸಾಲಿನಲ್ಲಿ ಇಡಿ. ಮೂಲದಿಂದ ಡಿಟೆಕ್ಟರಿಗೆ 50 ಸೆಂ.ಮೀ. ಇರಲಿ, ಕ್ಯೂಬ್ ಮಧ್ಯದಲ್ಲಿ ಇರಲಿ. ಟೇಪಿನಿಂದ ಅಳೆದು ಚಿತ್ರ ಬರೆಯಿರಿ. ಟೇಬಲ್, ಹಿಂದಿನ ಗೋಡೆ ಎಷ್ಟು ದೂರ ಅಂತಲೂ ಬರೆಯಿರಿ. ಅಲ್ಲಿಂದ ಚದುರಿ ಬರುವ ಫೋಟಾನುಗಳೂ ಡಿಟೆಕ್ಟರಿಗೆ ಸೇರುತ್ತವೆ.

ನಾಲ್ಕು ಸಲ ಎಣಿಸಬೇಕು: ಮೂಲ ಇದ್ದು ಕ್ಯೂಬ್ ಇಲ್ಲದೆ, ಎರಡೂ ಇಟ್ಟು, ಎರಡೂ ಇಲ್ಲದೆ, ಮೂಲ ತೆಗೆದು ಕ್ಯೂಬ್ ಮಾತ್ರ ಇಟ್ಟು. ಕೊನೆಯದನ್ನು ಹೆಚ್ಚಿನವರು ಬಿಡುತ್ತಾರೆ. ಕಲ್ಲು, ಕಾಂಕ್ರೀಟಿನಲ್ಲೇ ಪೊಟಾಸಿಯಂ-40ರಂಥ ಸಹಜ ವಿಕಿರಣ ಇರುತ್ತದೆ. ಕ್ಯೂಬ್ ಹೊರಗಿನ ಹಿನ್ನೆಲೆಯನ್ನು ಸ್ವಲ್ಪ ತಡೆಯುತ್ತದೆ, ತನ್ನದೂ ಸ್ವಲ್ಪ ಸೇರಿಸುತ್ತದೆ. ಎರಡನ್ನೂ ಕಳೆಯಬೇಕು.

ಅವಸರ ಬೇಡ. 5 ಮೈಕ್ರೊಕ್ಯೂರಿ ಮೂಲ, 2 ಇಂಚಿನ ಡಿಟೆಕ್ಟರ್ ಆದರೆ ಕ್ಯೂಬ್ ಇಟ್ಟ ಮೇಲೆ 662ರ ಪೀಕಿನಲ್ಲಿ, ಅಂದರೆ ಯಾವ ಶಕ್ತಿಯಲ್ಲಿ ಎಷ್ಟು ಎಣಿಕೆ ಅಂತ ತೋರಿಸುವ ಗ್ರಾಫಿನಲ್ಲಿ (ಸ್ಪೆಕ್ಟ್ರಮ್ಮಿನಲ್ಲಿ) 662 ಕೆಇವಿಯ ಹತ್ತಿರ ಏಳುವ ಶಿಖರದಲ್ಲಿ, ಸೆಕೆಂಡಿಗೆ ಸುಮಾರು 2 ಎಣಿಕೆ ಮಾತ್ರ ಬರುತ್ತದೆ. ಶೇ. 1ರ ನಿಖರತೆಗೆ 10,000 ಎಣಿಕೆ ಬೇಕು, ಅಂದರೆ ಒಂದೂವರೆ ಗಂಟೆ. ಅಷ್ಟು ಹೊತ್ತಿನಲ್ಲಿ ನಮ್ಮ ಏಪ್ರಿಲ್ ಬಿಸಿಲಿಗೆ ಲ್ಯಾಬ್ ಕಾಯುತ್ತದೆ, ವೋಲ್ಟೇಜ್ ಏರಿಳಿಯುತ್ತದೆ, ಪೀಕ್ ತನ್ನ ಚಾನೆಲ್ ಬಿಟ್ಟು ಸರಿಯುತ್ತದೆ. ಬೆಳಗ್ಗೆ ಬೇಗ ಶುರು ಮಾಡಿ. ಹತ್ತು ಹತ್ತು ನಿಮಿಷದ ತುಂಡುಗಳಾಗಿ ಎಣಿಸಿ. ಪ್ರತಿ ಸಲ ಪೀಕ್ ಎಲ್ಲಿದೆ ಅಂತ ನೋಡಿ.

ಈಗ ಎಲ್ಲರೂ ಎಡವುವ ಜಾಗ. ಡಿಟೆಕ್ಟರಿನ ಒಟ್ಟು ಎಣಿಕೆ ತೆಗೆದುಕೊಂಡು, ಮೂರನೇ ಹಂತದ ಘಾತೀಯ ಸೂತ್ರದ ಜೊತೆ ತಾಳೆ ನೋಡುತ್ತಾರೆ. ಹೊಂದುವುದಿಲ್ಲ. ಆಗ "ಕೋಡ್ ತಪ್ಪು" ಅನ್ನುತ್ತಾರೆ. ಆ ಸೂತ್ರ ಹೇಳುವುದು ಡಿಕ್ಕಿಯಿಲ್ಲದೆ ಬಂದ ಫೋಟಾನುಗಳನ್ನು ಮಾತ್ರ. ಡಿಕ್ಕಿ ಹೊಡೆದು, ಶಕ್ತಿ ಕಳೆದುಕೊಂಡು, ದಾರಿ ತಿರುಗಿ, ಆದರೂ ಡಿಟೆಕ್ಟರಿಗೆ ಬಂದು ಸೇರುವವು ಬೇರೆ ಇವೆ. ಇವುಗಳಿಂದ ಆಗುವ ಹೆಚ್ಚಳಕ್ಕೆ ಬಿಲ್ಡಪ್ ಅನ್ನುತ್ತಾರೆ. ದಪ್ಪ ಕಾಂಕ್ರೀಟಿನಲ್ಲಿ ಇದು ಉತ್ತರವನ್ನು ಹಲವು ಪಟ್ಟು ಏರಿಸುತ್ತದೆ. ಬಿಲ್ಡಪ್ ಬಿಟ್ಟು ಗೋಡೆ ಕಟ್ಟಿದರೆ ಗೋಡೆ ತೆಳ್ಳಗಾಗುತ್ತದೆ. ಈ ತಪ್ಪು ಯಾವಾಗಲೂ ಅಪಾಯದ ಕಡೆಗೇ ವಾಲುತ್ತದೆ, ನೆನಪಿಡಿ.

ಹಾಗಾಗಿ ಎರಡು ತಾಳೆಗಳನ್ನು ಬೇರೆ ಬೇರೆ ಮಾಡಿ. 662ರ ಪೀಕಿನ ಎಣಿಕೆಯನ್ನು ಕೋಡಿನ ಡಿಕ್ಕಿಯಿಲ್ಲದ ಫ್ಲಕ್ಸ್ ಜೊತೆ ನೋಡಿ. ಪೂರ್ತಿ ಸ್ಪೆಕ್ಟ್ರಮ್ಮನ್ನು ಕೋಡಿನ ಪೂರ್ತಿ ಸ್ಪೆಕ್ಟ್ರಮ್ ಜೊತೆ ನೋಡಿ. ಮೊದಲನೆಯದರಲ್ಲೂ ಒಂದು ಸೂಕ್ಷ್ಮ ಇದೆ. ಸೋಡಿಯಂ ಅಯೋಡೈಡಿನ ಪೀಕ್ ಅಗಲ. ಹತ್ತು ಹದಿನೈದು ಡಿಗ್ರಿ ಮಾತ್ರ ತಿರುಗಿ ಬಂದ ಫೋಟಾನ್ ಕೂಡ ಅದೇ ಪೀಕಿನೊಳಗೆ ಕೂರುತ್ತದೆ. ಅದಕ್ಕೆ ಮೂಲದ ಮುಂದೆ ತೂತಿರುವ ಸೀಸದ ಇಟ್ಟಿಗೆ ಇಟ್ಟು ಕಿರಣವನ್ನು ಸಪೂರ ಮಾಡಿ. ಆಗದಿದ್ದರೆ ಡಿಟೆಕ್ಟರನ್ನೂ ಅದರ ಪೀಕಿನ ಅಗಲವನ್ನೂ ಮಾದರಿಯಲ್ಲಿ ಸೇರಿಸಿ.

ಸಿಮ್ಯುಲೇಷನ್ ಶೇ. 5ರ ಒಳಗೆ ಹೊಂದಿದರೆ ನನಗೆ ಸಂತೋಷ. ಸರಿಯಾಗಿ ಅಳೆದ ಸಾಂದ್ರತೆ ಹಾಕಿದವರಿಗೆ ಅದು ಕಷ್ಟವಲ್ಲ.

6. ಅಂಕಿಅಂಶದ ಪರೀಕ್ಷೆ

ಮಾಂಟೆ ಕಾರ್ಲೊ ಉತ್ತರದ ಪಕ್ಕದಲ್ಲಿ ಯಾವಾಗಲೂ ಒಂದು ದೋಷದ ಸಂಖ್ಯೆ ಇರುತ್ತದೆ. ಕಣಗಳನ್ನು ನಾಲ್ಕು ಪಟ್ಟು ಮಾಡಿದರೆ ದೋಷ ಅರ್ಧವಾಗುತ್ತದೆ. ಶೇ. 10ರಿಂದ ಶೇ. 1ಕ್ಕೆ ಇಳಿಸಲು ನೂರು ಪಟ್ಟು ಕಣ ಬೇಕು. ಎಂಸಿಎನ್‌ಪಿ ಕೈಪಿಡಿಯ ನಿಯಮ ಹೀಗಿದೆ: ಸಾಪೇಕ್ಷ ದೋಷ ಶೇ. 10ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ನಂಬಬಹುದು. ಬಿಂದು ಡಿಟೆಕ್ಟರ್ ಟ್ಯಾಲಿಗೆ, ಅಂದರೆ ಒಂದೇ ಬಿಂದುವಿನಲ್ಲಿ ಫ್ಲಕ್ಸ್ ಕೇಳುವ ಟ್ಯಾಲಿಗೆ, ಶೇ. 5ಕ್ಕಿಂತ ಕಡಿಮೆ ಇರಬೇಕು. ಜೊತೆಗೆ ಅದು ಹತ್ತು ಅಂಕಿಅಂಶ ಪರೀಕ್ಷೆಗಳನ್ನು ಮಾಡಿ ಪಾಸು, ಫೇಲು ಅಂತ ಮುದ್ರಿಸುತ್ತದೆ. ಆ ಪಟ್ಟಿಯನ್ನು ಓದಿ.

ದಪ್ಪ ಗೋಡೆಯಲ್ಲಿ ಇದು ಸಾಲುವುದಿಲ್ಲ. 1 ಮೀಟರ್ ಕಾಂಕ್ರೀಟಿಗೆ 10 ಕೋಟಿ ಸೀಸಿಯಂ ಫೋಟಾನ್ ನೇರ ಹೊಡೆದರೂ ಡಿಕ್ಕಿಯಿಲ್ಲದೆ ಹೊರಬರುವುದು ಒಂದೋ ಎರಡೋ. ನಿಮ್ಮ ಲ್ಯಾಪ್‌ಟಾಪ್ ರಾತ್ರಿಯಿಡೀ ಓಡಿ ಸೊನ್ನೆ ತೋರಿಸುತ್ತದೆ. ಸೊನ್ನೆ ಅಂದರೆ ವಿಕಿರಣ ಇಲ್ಲ ಅಂತ ಅರ್ಥವಲ್ಲ, ಎಣಿಸಲು ಆಗಲಿಲ್ಲ ಅಂತ ಅರ್ಥ.

ಇದಕ್ಕೆ ವೇರಿಯನ್ಸ್ ರಿಡಕ್ಷನ್ ಬಳಸುತ್ತಾರೆ. ಗೋಡೆಯನ್ನು ಪದರ ಪದರ ಮಾಡಿ, ಒಳಗೆ ಹೋದ ಕಣವನ್ನು ಪ್ರತಿ ಪದರದಲ್ಲಿ ಎರಡಾಗಿ ಒಡೆದು, ಪ್ರತಿಯೊಂದಕ್ಕೂ ಅರ್ಧ ತೂಕ ಕೊಡುವುದು ಇದರ ಸರಳ ರೂಪ. ಕಣ ಹೆಚ್ಚುತ್ತದೆ, ಒಟ್ಟು ತೂಕ ಬದಲಾಗುವುದಿಲ್ಲ. ಇದನ್ನು ಬಳಸಿದ ಮೇಲೆ ಎರಡು ಕೆಲಸ ಕಡ್ಡಾಯ. ತೆಳು ಗೋಡೆಯಲ್ಲಿ ಈ ತಂತ್ರ ಬಳಸಿ ಮತ್ತು ಬಳಸದೆ ಎರಡೂ ಓಡಿಸಿ. ಉತ್ತರ ದೋಷದ ಮಿತಿಯೊಳಗೆ ಒಂದೇ ಇರಬೇಕು. ಆಮೇಲೆ ದಪ್ಪ ಗೋಡೆಯನ್ನು ಬೇರೆ ಬೇರೆ ಯಾದೃಚ್ಛಿಕ ಬೀಜದಿಂದ ಐದು ಸಲ ಓಡಿಸಿ. ಐದು ಉತ್ತರಗಳು ಹೇಳಿದ ದೋಷಕ್ಕಿಂತ ಜಾಸ್ತಿ ಚದುರಿದ್ದರೆ, ಕೋಡ್ ಹೇಳುವ ಶೇ. 3 ಅನ್ನು ನಂಬಬೇಡಿ. ಯಾವುದೋ ಅಪರೂಪದ ದಾರಿಯನ್ನು ಅದು ಇನ್ನೂ ಕಂಡಿಲ್ಲ.

ದೋಷದ ಸಂಖ್ಯೆ ಎಣಿಕೆಯ ದೋಷವನ್ನು ಮಾತ್ರ ಹೇಳುತ್ತದೆ. ಸಾಂದ್ರತೆ ತಪ್ಪು, ಆಕಾರ ತಪ್ಪು ಅದಕ್ಕೆ ಗೊತ್ತಿಲ್ಲ.

7. ನ್ಯೂಟ್ರಾನಿಗೆ ಬೇರೆಯವರ ಅಳತೆ

ಕಾಲೇಜಿನಲ್ಲಿ ರಿಯಾಕ್ಟರ್ ಇರುವುದಿಲ್ಲ. ಹಾಗಾಗಿ ಬೇರೆಯವರು ಅಳೆದು ಪ್ರಕಟಿಸಿದ ಪ್ರಯೋಗಗಳನ್ನು ಬಳಸಬೇಕು. ಇವಕ್ಕೆ ಬೆಂಚ್‌ಮಾರ್ಕ್ ಅನ್ನುತ್ತಾರೆ. ಸಿನ್‌ಬ್ಯಾಡ್ ಅನ್ನುವ ಅಂತರರಾಷ್ಟ್ರೀಯ ಸಂಗ್ರಹದಲ್ಲಿ ರಿಯಾಕ್ಟರ್, ಫ್ಯೂಷನ್, ವೇಗವರ್ಧಕ ಮೂರೂ ಬಗೆಯ ಶೀಲ್ಡಿಂಗ್ ಪ್ರಯೋಗಗಳಿವೆ. ಸಂಗ್ರಹದ ಪೂರ್ತಿ ಕಡತ ಸಿಗದಿದ್ದರೂ ಅನೇಕ ಪ್ರಯೋಗಗಳ ವಿವರ ಸಂಶೋಧನಾ ಪತ್ರಿಕೆಗಳಲ್ಲಿ ಬಂದಿದೆ. ಗೈಡ್ ಮೂಲಕ ತರಿಸಿಕೊಳ್ಳಿ.

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಶುರುವಾದ ಅಪ್ಸರಾ ರಿಯಾಕ್ಟರಿನಲ್ಲಿ ಶೀಲ್ಡಿಂಗ್ ಪ್ರಯೋಗಕ್ಕೆಂದೇ ಒಂದು ಮೂಲೆ ಇತ್ತು. ಕಲ್ಪಾಕ್ಕಂನ ಫಾಸ್ಟ್ ಬ್ರೀಡರ್ ರಿಯಾಕ್ಟರಿನ ಒಳತಡೆಗೆ ಬಳಸುವ ವಸ್ತುಗಳನ್ನು ಪದರ ಪದರವಾಗಿ ಅಲ್ಲಿ ಜೋಡಿಸಿ ಅಳೆದರು, ಲೆಕ್ಕದ ಜೊತೆ ತಾಳೆ ನೋಡಿದರು. ಇಷ್ಟು ದೊಡ್ಡ ಸಂಸ್ಥೆಯವರೇ ಕೋಡನ್ನು ಸುಮ್ನೆ ನಂಬಲಿಲ್ಲ.

ಬೆಂಚ್‌ಮಾರ್ಕ್ ಆರಿಸುವಾಗ ನಿಮ್ಮ ಗೋಡೆಗೆ ಹತ್ತಿರದ್ದು ನೋಡಿ. ವಸ್ತು ಅದೇ ಇರಬೇಕು, ದಪ್ಪ ಹತ್ತಿರ ಇರಬೇಕು, ನ್ಯೂಟ್ರಾನಿನ ಶಕ್ತಿ ಅದೇ ವ್ಯಾಪ್ತಿಯಲ್ಲಿ ಇರಬೇಕು. 20 ಸೆಂ.ಮೀ. ಉಕ್ಕಿನ ಪ್ರಯೋಗಕ್ಕೆ ಹೊಂದಿತು ಅಂತ 2 ಮೀಟರ್ ಕಾಂಕ್ರೀಟನ್ನು ನಂಬಲು ಬರುವುದಿಲ್ಲ.

ಓದುವುದನ್ನೂ ಕಲಿಯಬೇಕು. ಇಂಗ್ಲೆಂಡಿನ ವಿನ್‌ಫ್ರಿತ್‌ನ ಆಸ್ಪಿಸ್ ಕಬ್ಬಿಣದ ಪ್ರಯೋಗವನ್ನೇ ನೋಡಿ. ಕಬ್ಬಿಣದ ಹಲಗೆಗಳ ನಡುವೆ ಗಂಧಕ, ಇಂಡಿಯಂ, ರೋಡಿಯಂ, ಚಿನ್ನದಂಥ ಸಣ್ಣ ಬಿಲ್ಲೆಗಳನ್ನಿಟ್ಟು, ಅವು ಎಷ್ಟು ವಿಕಿರಣಶೀಲ ಆದವು ಅಂತ ಅಳೆದರು. ಒಂದೊಂದು ಬಿಲ್ಲೆ ಒಂದೊಂದು ಶಕ್ತಿಯ ನ್ಯೂಟ್ರಾನಿಗೆ ಸ್ಪಂದಿಸುತ್ತದೆ. ಗಂಧಕ ವೇಗದ ನ್ಯೂಟ್ರಾನಿಗೆ ಮಾತ್ರ, ರೋಡಿಯಂ ಅದಕ್ಕಿಂತ ಬಹಳ ಕೆಳಗಿನವಕ್ಕೂ, ಚಿನ್ನ ನಿಧಾನದವಕ್ಕೆ. ನಿಮ್ಮ ಲೆಕ್ಕ ಗಂಧಕಕ್ಕೆ ಹೊಂದಿ ರೋಡಿಯಂಗೆ ಹೊಂದದಿದ್ದರೆ ತಪ್ಪು ಮಧ್ಯದ ಶಕ್ತಿಯಲ್ಲಿದೆ. ಒಂದೇ ಡೋಸ್ ಸಂಖ್ಯೆ ಇದನ್ನು ಎಂದೂ ಹೇಳುವುದಿಲ್ಲ.

ಕಬ್ಬಿಣಕ್ಕೆ ಇನ್ನೊಂದು ಗುಣ ಇದೆ. 24 ಕೆಇವಿಯ ಹತ್ತಿರ ಅದು ನ್ಯೂಟ್ರಾನಿಗೆ ಕಿಟಕಿ ತೆರೆದಂತೆ ಇರುತ್ತದೆ, ಅಲ್ಲಿ ಡಿಕ್ಕಿ ತೀರಾ ಕಡಿಮೆ. ದಪ್ಪ ಉಕ್ಕಿನ ಹಿಂದೆ ಇವೇ ತುಂಬಿಕೊಳ್ಳುತ್ತವೆ. ಅದಕ್ಕೇ ಉಕ್ಕಿನ ಹಿಂದೆ ಹೈಡ್ರೋಜನ್ ಇರುವ ಪದರ ಬೇಕು. ಆ ಹೈಡ್ರೋಜನ್ ನ್ಯೂಟ್ರಾನ್ ನುಂಗಿದಾಗ 2.2 ಎಂಇವಿಯ ಗಾಮಾ ಹುಟ್ಟುತ್ತದೆ. ಕಬ್ಬಿಣ ನುಂಗಿದರೆ 7.6 ಎಂಇವಿಯಷ್ಟು ಬಲದ್ದೂ ಹುಟ್ಟುತ್ತದೆ. ನ್ಯೂಟ್ರಾನ್ ಮಾತ್ರ ಓಡಿಸಿ ಈ ಹುಟ್ಟಿದ ಗಾಮಾಗಳನ್ನು ಬಿಟ್ಟರೆ, ಹೊರಗಿನ ಡೋಸಿನ ದೊಡ್ಡ ಪಾಲೇ ಬಿಟ್ಟುಹೋಗಬಹುದು.

8. ಸಿ ಬೈ ಇ ಮತ್ತು ಅನಿಶ್ಚಿತತೆ

ಲೆಕ್ಕದ ಸಂಖ್ಯೆಯನ್ನು ಅಳತೆಯ ಸಂಖ್ಯೆಯಿಂದ ಭಾಗಿಸಿ. ಇದೇ ಸಿ ಬೈ ಇ (ಸಿ ಅಂದರೆ ಕ್ಯಾಲ್ಕುಲೇಷನ್, ಇ ಅಂದರೆ ಎಕ್ಸ್‌ಪೆರಿಮೆಂಟ್). 1 ಬಂದರೆ ಪೂರ್ತಿ ಹೊಂದಿದೆ. 0.8 ಬಂದರೆ ಲೆಕ್ಕ ಕಡಿಮೆ ಹೇಳುತ್ತಿದೆ, ಅಂದರೆ ಅಪಾಯದ ಕಡೆ. ಒಂದೇ ಸಂಖ್ಯೆ ಕೊಡಬೇಡಿ, ಆಳದ ಜೊತೆ ಅದು ಹೇಗೆ ಬದಲಾಗುತ್ತದೆ ಅಂತ ಗ್ರಾಫ್ ಬರೆಯಿರಿ. ಎಲ್ಲ ಆಳದಲ್ಲೂ 0.9 ಇದ್ದರೆ ಮೂಲದ ಬಲ ಅಥವಾ ಡಿಟೆಕ್ಟರಿನ ದಕ್ಷತೆ ತಪ್ಪಿರಬಹುದು. ಮೊದಲು 1 ಇದ್ದು ಆಳಕ್ಕೆ ಹೋದಂತೆ 0.9, 0.8, 0.6 ಅಂತ ಇಳಿದರೆ ವಸ್ತುವಿನಲ್ಲಿ ಅಥವಾ ದತ್ತಾಂಶದಲ್ಲಿ ತಪ್ಪಿದೆ. ಅದನ್ನು 2 ಮೀಟರಿಗೆ ಎಳೆದರೆ ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿ.

ಅನಿಶ್ಚಿತತೆಗೆ ಸರಳ ದಾರಿ ಇದು. ಕ್ಯೂಬುಗಳಲ್ಲಿ ಕಂಡ ಕಡಿಮೆ ಸಾಂದ್ರತೆ ಹಾಕಿ ಒಮ್ಮೆ ಓಡಿಸಿ, ಹೆಚ್ಚಿನದು ಹಾಕಿ ಒಮ್ಮೆ ಓಡಿಸಿ. ನೀರನ್ನು ಕಡಿಮೆ ಮಾಡಿ ಒಮ್ಮೆ. ದತ್ತಾಂಶ ಕೋಶ, ಅಂದರೆ ಯಾವ ಪರಮಾಣುವಿಗೆ ಕಣ ಡಿಕ್ಕಿ ಹೊಡೆಯುವ ಸಂಭವ ಎಷ್ಟು ಅಂತ ಕೋಡ್ ಓದುವ ಪಟ್ಟಿ, ಅದನ್ನು ಬದಲಿಸಿ ಒಮ್ಮೆ. ಅಮೆರಿಕದ ಇಎನ್‌ಡಿಎಫ್, ಯುರೋಪಿನ ಜೆಫ್, ಜಪಾನಿನ ಜೆಂಡಲ್ ಹೀಗೆ ಬೇರೆ ಬೇರೆ ಕೋಶಗಳಿವೆ. ಇದರಲ್ಲಿ ಯಾವುದು ಉತ್ತರವನ್ನು ಜಾಸ್ತಿ ಅಲುಗಾಡಿಸಿತೋ ಅದೇ ನಿಮ್ಮ ದೊಡ್ಡ ಅನಿಶ್ಚಿತತೆ.

ಅಳತೆಗೂ ದೋಷ ಇದೆ ಅನ್ನುವುದನ್ನು ಮರೆಯಬೇಡಿ. ಪ್ರಯೋಗದವರು ಶೇ. 8 ಅಂದಿದ್ದರೆ, ಸಿ ಬೈ ಇ 0.95 ಮತ್ತು 1.03ರ ನಡುವೆ ಯಾವ ಕೋಡ್ ಉತ್ತಮ ಅಂತ ಜಗಳ ಮಾಡುವುದರಲ್ಲಿ ಅರ್ಥವಿಲ್ಲ.

ಡೋಸಿಗೆ ಬದಲಿಸುವಾಗ ಎಚ್ಚರ. ಲ್ಯಾಬಿನ ಸರ್ವೆ ಮೀಟರ್ ಸಾಮಾನ್ಯವಾಗಿ ತೋರಿಸುವುದು ಆಂಬಿಯಂಟ್ ಡೋಸ್, ಅಂದರೆ ಆ ಜಾಗದಲ್ಲಿ ಅಳೆದ ಡೋಸ್. ಮಿತಿಗಳು ಇರುವುದು ಎಫೆಕ್ಟಿವ್ ಡೋಸಿನಲ್ಲಿ, ಅಂದರೆ ದೇಹದ ಅಂಗಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಡೋಸಿನಲ್ಲಿ. ಎರಡಕ್ಕೂ ಪರಿವರ್ತನೆಯ ಪಟ್ಟಿ ಬೇರೆ. ಯಾವುದನ್ನು ಯಾವುದರ ಜೊತೆ ತಾಳೆ ನೋಡುತ್ತಿದ್ದೀರಿ ಅಂತ ಸ್ಪಷ್ಟವಾಗಿ ಬರೆಯಿರಿ.

9. ಗೋಡೆಯ ತೂತುಗಳು

ನಿಜವಾದ ಗೋಡೆಯಲ್ಲಿ ಪೈಪು, ಕೇಬಲ್, ಬಾಗಿಲ ಸಂದು ಇರುತ್ತವೆ. ವಿಕಿರಣ ಗೋಡೆ ದಾಟುವುದಕ್ಕಿಂತ ಈ ಸಂದಿಯಲ್ಲಿ ಹರಿದು ಬರುವುದೇ ಜಾಸ್ತಿ ಇರಬಹುದು. ಅದಕ್ಕೇ ಪೈಪಿನ ದಾರಿಯನ್ನು ನೇರ ಬಿಡದೆ ಮೊಣಕೈಯಂತೆ ತಿರುಗಿಸುತ್ತಾರೆ. ನಮ್ಮ ಚಿತ್ರದುರ್ಗದ ಕೋಟೆಗೆ ಹೋದವರಿಗೆ ಇದು ಗೊತ್ತು, ಬಾಗಿಲಿಂದ ಬಾಗಿಲಿಗೆ ದಾರಿ ತಿರುಗುತ್ತಲೇ ಹೋಗುತ್ತದೆ.

ಕೋಡ್ ಇಂಥ ದಾರಿಯನ್ನು ಸರಿಯಾಗಿ ಲೆಕ್ಕ ಹಾಕುತ್ತದೆಯಾ ಅಂತ ನೋಡಲು ಕೊಬಯಾಶಿ ಬೆಂಚ್‌ಮಾರ್ಕ್ ಇದೆ. ಅದರ ಮೂರು ಲೆಕ್ಕಗಳಲ್ಲಿ ಕೊನೆಯದು ತಿರುವುಳ್ಳ ಖಾಲಿ ದಾರಿ. ಅದರಲ್ಲಿ ಪ್ರಯೋಗ ಇಲ್ಲ, ಆದ್ದರಿಂದ ಅದು ವೆರಿಫಿಕೇಷನ್ ಮಾತ್ರ. ನಿಮ್ಮ ಮಾದರಿಯ ಚಿತ್ರವನ್ನು ಮೂರೂ ದಿಕ್ಕಿನಿಂದ ಮುದ್ರಿಸಿ, ಕಟ್ಟಡದ ನಕ್ಷೆಯ ಪಕ್ಕ ಇಟ್ಟು, ಪ್ರತಿ ತೂತನ್ನೂ ಪೆನ್ಸಿಲಿನಿಂದ ಗುರುತು ಮಾಡಿ.

10. ಹೊಂದದಿದ್ದರೆ ಎಲ್ಲಿ ಹುಡುಕುವುದು

ಸಂಖ್ಯೆ ಹೊಂದಲಿಲ್ಲ ಅಂತ ಸಾಂದ್ರತೆಯನ್ನು ಸ್ವಲ್ಪ ತಿರುಚಿ ಹೊಂದಿಸಬೇಡಿ. ಹಾಗೆ ಮಾಡಿದರೆ ಆ ಒಂದು ಪ್ರಯೋಗಕ್ಕೆ ಹೊಂದುತ್ತದೆ, ಗೋಡೆಗೆ ಹೊಂದುವುದಿಲ್ಲ.

ಈ ಕ್ರಮದಲ್ಲಿ ಹುಡುಕಿ. ಮೊದಲು ಏಕಮಾನ ಮತ್ತು ಗುಣಿಸಿದ ಸಂಖ್ಯೆಗಳು: ಮೂಲದ ಬಲ, ನೂರಕ್ಕೆ 85, ಗಾತ್ರದ ಭಾಗಾಕಾರ. ಉತ್ತರ ಹತ್ತು, ನೂರು, ಸಾವಿರ ಪಟ್ಟು ತಪ್ಪಿದ್ದರೆ ಬಹುಪಾಲು ಇಲ್ಲೇ. ಆಮೇಲೆ ಆಕಾರ: ಪದರಗಳ ನಡುವೆ ಖಾಲಿ ಬಿಟ್ಟಿದೆಯಾ, ಕಣ ಕಳೆದುಹೋಗುತ್ತಿದೆಯಾ? ಕೋಡ್ "ಕಣ ಕಳೆಯಿತು" ಅಂತ ಒಮ್ಮೆ ಹೇಳಿದರೂ ನಿಲ್ಲಿಸಿ, ಸರಿಪಡಿಸಿ. ಮೂರನೆಯದು ವಸ್ತು: ಸಾಂದ್ರತೆಯ ಮೈನಸ್, ನೀರಿನ ಪಾಲು, ಭಾಗಗಳ ಮೊತ್ತ 1 ಬರುತ್ತದೆಯಾ. ನಾಲ್ಕನೆಯದು ಅಂಕಿಅಂಶ. ಐದನೆಯದು ಅಳತೆ: ಹಿನ್ನೆಲೆ ಕಳೆದಿರಾ, ಪೀಕ್ ಸರಿಯಿತಾ, ದೂರ ಸರಿಯಾಗಿ ಅಳೆದಿರಾ? ಇವೆಲ್ಲ ನೋಡಿ ಮುಗಿದ ಮೇಲೆ, ಕೊನೆಗೆ ಮಾತ್ರ, ದತ್ತಾಂಶ ಕೋಶವನ್ನು ಅನುಮಾನಿಸಿ.

ಆಗಲೂ ಹೊಂದದಿದ್ದರೆ ಹೊಂದಲಿಲ್ಲ ಅಂತಲೇ ವರದಿಯಲ್ಲಿ ಬರೆಯಿರಿ. ಎಷ್ಟು ವ್ಯತ್ಯಾಸ, ಯಾವ ಆಳದಿಂದ ಶುರುವಾಯಿತು, ಏನೇನು ಪರೀಕ್ಷಿಸಿ ಆಗಿದೆ ಅಂತ ಸೇರಿಸಿ. ಜೊತೆಗೆ ಇನ್‌ಪುಟ್ ಕಡತ, ಕೋಡಿನ ಆವೃತ್ತಿ, ದತ್ತಾಂಶ ಕೋಶದ ಹೆಸರು, ಕ್ಯೂಬುಗಳ ತೂಕದ ಪಟ್ಟಿ ಇಡಿ. ನಿಮ್ಮ ಮುಂದಿನ ಬ್ಯಾಚಿನವರು ಅಲ್ಲಿಂದ ಶುರು ಮಾಡಬಹುದು.